ತಿನ್ನಬಾರದ ಉಪ್ಪಿಟ್ಟು

ಕಳೆದ ಡಿಸೆಂಬರ್‌ನ ಒಂದು ಶುಕ್ರವಾರ ರಾತ್ರಿ ಮಗಳ ಪ್ಲೇಸ್ಕೂಲ್‌ನಿಂದ ವಾಟ್ಸಾಪ್ ಮೆಸೇಜ್ ಬಂತು. ಕ್ರಿಸ್‌ಮಸ್ ರಜೆ ಶುರುವಾಗುವ ಮುಂಚೆ ಮಕ್ಕಳನ್ನು ಕೂರಿಸಿಕೊಂಡು ಮನೆಯಲ್ಲೇ ‘ಸಾಲ್ಟ್ ಡೋ’ ಮಾಡಬೇಕು, ಅದರಲ್ಲಿ ಒಂದು ನಕ್ಷತ್ರ, ಒಂದು ಕ್ರಿಸ್‌ಮಸ್ ಗಿಡ, ಒಂದು ಅಂಗೈ ಅಚ್ಚು ಮಾಡಿ ಸೋಮವಾರ ಕಳಿಸಬೇಕು. ಜೊತೆಗೆ ರೆಸಿಪಿ: ಎರಡು ಕಪ್ ಮೈದಾ, ಒಂದು ಕಪ್ ಪುಡಿ ಉಪ್ಪು, ಮುಕ್ಕಾಲಿನಿಂದ ಒಂದು ಕಪ್ ನೀರು. ನಾದಿ, ಲಟ್ಟಿಸಿ, ಕತ್ತರಿಸಿ, ಸಣ್ಣ ಉರಿಯಲ್ಲಿ ಎರಡು ಮೂರು ಗಂಟೆ ಓವನ್‌ನಲ್ಲಿ ಒಣಗಿಸುವುದು. ಅಷ್ಟೇ. ನಮ್ಮ ಆಫೀಸಿನ ಡಾಕ್ಯುಮೆಂಟೇಶನ್ ಕೂಡ ಇಷ್ಟು ಸ್ಪಷ್ಟವಾಗಿರಲ್ಲ.

ಶನಿವಾರ ಹೆಂಡತಿಗೆ ರಿಲೀಸ್ ಇತ್ತು. ಹಾಗಾಗಿ ಈ ಪ್ರಾಜೆಕ್ಟಿಗೆ ನಾನೇ ಲೀಡು, ನಾಲ್ಕು ವರ್ಷದ ಮಗಳು ಕ್ಲೈಂಟು. ಅಡುಗೆಮನೆ ಕಟ್ಟೆಯ ಮೇಲೆ ಅವಳನ್ನು ಕೂರಿಸಿ, ದೊಡ್ಡ ಪಾತ್ರೆಗೆ ಮೈದಾ ಸುರಿದು, ಅದರ ಮೇಲೆ ಹೊಸ ಪ್ಯಾಕೆಟ್ ಒಡೆದು ಉಪ್ಪು ಸುರೀತಾ ಇದ್ದೆ. ಊರಿಂದ ಬಂದು ಹದಿನೈದು ದಿನವಾಗಿದ್ದ ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

“ಏನ್ ಮಾಡಾಕ ಹತ್ತೀಯೋ?”

“ಉಪ್ಪಿನ ಹಿಟ್ಟು ಅವ್ವಾ.”

“ಉಪ್ಪಿಟ್ಟಾ? ಮೈದಾದ್ದು ಉಪ್ಪಿಟ್ಟು ಮಾಡ್ತಾರೇನು? ಅಷ್ಟ್ ಉಪ್ಪು ಯಾಕ?”

ನನಗೆ ನಗು ಬಂತು. ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಉಪ್ಪು ಮತ್ತು ಹಿಟ್ಟು ಸೇರಿಯೇ ‘ಉಪ್ಪಿಟ್ಟು’ ಎಂಬ ಮಾತು ಹುಟ್ಟಿದ್ದು. ಸಾಲ್ಟ್ ಡೋ ಎಂಬುದನ್ನು ಕನ್ನಡಕ್ಕೆ ತಂದರೆ ಬೆಂಗಳೂರಿನ ಪ್ರತಿ ದರ್ಶಿನಿಯಲ್ಲೂ ಸಿಗುವ ತಿಂಡಿಯ ಹೆಸರೇ ಬರುತ್ತೆ. “ತಿನ್ನಾಕಲ್ಲವ್ವಾ, ಆಡಾಕ,” ಅಂದೆ.

ಅವ್ವನ ಮುಖ ಗಂಟಾಯಿತು. ಅವಳು ಏನೂ ಅನ್ನಲಿಲ್ಲ. ಒಳಗೆ ಹೋಗಿ ಟಿವಿ ಹಾಕಿಕೊಂಡಳು. ಬೈದಿದ್ದರೆ ಎದುರು ವಾದಿಸಬಹುದಿತ್ತು. ಸುಮ್ಮನೆ ಎದ್ದು ಹೋದರೆ ಏನು ಮಾಡೋದು? ಮಗಳು ಮಾತ್ರ ಮೊಣಕೈವರೆಗೆ ಹಿಟ್ಟು ಬಳಿದುಕೊಂಡು ಜಗತ್ತನ್ನೇ ಗೆದ್ದ ಖುಷಿಯಲ್ಲಿದ್ದಳು.

ನಕ್ಷತ್ರಗಳು ಓವನ್‌ನಲ್ಲಿದ್ದ ಮೂರು ಗಂಟೆ ನನಗೆ ಬೇರೆ ಕೆಲಸವಿರಲಿಲ್ಲ. ಯಾವುದೇ ವಿಷಯ ತಲೆಯಲ್ಲಿ ಹೊಕ್ಕರೆ ಅದರ ಬುಡದವರೆಗೆ ಹೋಗಿ ನೋಡುವ ಚಟ ನನಗೆ. ಕೋಡಿನಲ್ಲಿ ಬಗ್ ಹುಡುಕಿ ಹುಡುಕಿ ಬಂದ ರೋಗ ಇರಬೇಕು. ಊಟದ ಹಿಟ್ಟಿಗೆ ಉಪ್ಪು ಬೆರೆಸಿ ತಿನ್ನಲಾಗದಂತೆ ಮಾಡಿ ಗೊಂಬೆ ಮಾಡುವ ಐಡಿಯಾ ಮೊದಲು ಯಾರಿಗೆ ಬಂತು? ಆ ಶನಿವಾರ ಶುರುವಾದ ಓದು ಮುಂದೆ ಕೆಲವು ವಾರ ನಡೆಯಿತು. ಅದರಲ್ಲಿ ದಕ್ಕಿದ್ದನ್ನು ಇಲ್ಲಿ ಹೇಳ್ತೀನಿ.

ಮೊದಲು ಜರ್ಮನಿಗೆ ಹೋಗಬೇಕು. ಅಲ್ಲಿ ಇದಕ್ಕೆ ‘ಸಾಲ್ಟ್ಸ್‌ಟೈಗ್’ ಅಂತಾರೆ, ಅರ್ಥ ಅದೇ, ಉಪ್ಪಿನ ಹಿಟ್ಟು. ಕ್ರಿಸ್‌ಮಸ್ ಮರವನ್ನು ಮನೆಯೊಳಗೆ ತಂದು ಸಿಂಗರಿಸುವ ಪದ್ಧತಿಯೂ ಜರ್ಮನ್ ಮಾತಾಡುವ ನಾಡಿನಿಂದಲೇ ಹಬ್ಬಿದ್ದು. 1605ರಲ್ಲಿ ಸ್ಟ್ರಾಸ್‌ಬರ್ಗ್ ನಗರದ ಬಗ್ಗೆ ಬರೆದ ಒಂದು ವಿವರಣೆಯಲ್ಲಿ, ಜನ ಕೋಣೆಗಳಲ್ಲಿ ಫರ್ ಮರ ನಿಲ್ಲಿಸಿ ಅದಕ್ಕೆ ಬಣ್ಣದ ಕಾಗದದ ಗುಲಾಬಿ, ಸೇಬು, ತೆಳು ಬಿಲ್ಲೆ, ಬಂಗಾರದ ತಗಡು, ಸಕ್ಕರೆ ತೂಗುಬಿಡುತ್ತಿದ್ದರು ಅಂತಿದೆ. ಗಮನಿಸಿ, ಈ ಪಟ್ಟಿಯಲ್ಲಿ ಹೆಚ್ಚಿನವು ತಿನ್ನುವ ಪದಾರ್ಥಗಳು. ಹಬ್ಬ ಮುಗಿದ ಮೇಲೆ ಮಕ್ಕಳು ಮರವನ್ನು ಅಲುಗಾಡಿಸಿ, ಬಿದ್ದಿದ್ದನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ನೈರುತ್ಯ ಜರ್ಮನಿಯಲ್ಲಿ ‘ಸ್ಪ್ರಿಂಗರ್ಲೆ’ ಎಂಬ ಬಿಸ್ಕತ್ತು ಇದೆ. ಕೆತ್ತಿದ ಮರದ ಅಚ್ಚಿನಲ್ಲಿ ಹಿಟ್ಟು ಒತ್ತಿ ಚಿತ್ರ ಮೂಡಿಸಿ ಬೇಯಿಸುವುದು. ಅದನ್ನು ನೋಡಿದರೆ ನಮ್ಮ ಸಕ್ಕರೆ ಅಚ್ಚಿನ ಅಣ್ಣತಮ್ಮನ ಹಾಗಿದೆ. ಹೀಗೆ ಮೊದಲಿಗೆ ಮರದ ಮೇಲಿನ ಸಿಂಗಾರವೆಲ್ಲ ಒಂದು ರೀತಿಯಲ್ಲಿ ಪ್ರಸಾದವೇ.

ಇದಕ್ಕೆ ಉಪ್ಪು ಸೇರಿದ್ದು ಹೇಗೆ? ಕ್ರಾಫ್ಟ್ ಪುಸ್ತಕಗಳೆಲ್ಲ ಒಂದೇ ಕಥೆ ಹೇಳುತ್ತವೆ. ಗಾಜಿನ ಸಿಂಗಾರ ಕೊಳ್ಳಲಾಗದ ಬಡವರು ರೊಟ್ಟಿ ಹಿಟ್ಟಿನಲ್ಲಿ ಗೊಂಬೆ ಮಾಡಿ ಮರಕ್ಕೆ ಕಟ್ಟುತ್ತಿದ್ದರಂತೆ, ಇಲಿಗಳು ಬಂದು ತಿನ್ನಬಾರದು ಅಂತ ಅದಕ್ಕೆ ಸಿಕ್ಕಾಪಟ್ಟೆ ಉಪ್ಪು ಹಾಕುತ್ತಿದ್ದರಂತೆ. ಕಥೆ ಚೆನ್ನಾಗಿದೆ. ಆದರೆ ಹಳ್ಳಿಯಲ್ಲಿ ಬೆಳೆದ ನನ್ನಂಥವನಿಗೆ ಇದರಲ್ಲೊಂದು ಬಗ್ ಕಾಣುತ್ತೆ. ರೆಸಿಪಿಯನ್ನು ಕಪ್ಪಿನಲ್ಲಲ್ಲ, ತೂಕದಲ್ಲಿ ಲೆಕ್ಕ ಹಾಕಿ. ಎರಡು ಕಪ್ ಮೈದಾ ಕಾಲು ಕಿಲೋ ಆದರೆ, ಒಂದು ಕಪ್ ಉಪ್ಪು ಕಾಲು ಕಿಲೋ ಮೇಲೇ ತೂಗುತ್ತೆ. ಅಂದರೆ ಹಿಟ್ಟಿನಷ್ಟೇ ಉಪ್ಪು! ಬಡವರ ಮನೆಯಲ್ಲಿ ಇಲಿಗೆ ಹೆದರಿ ಇಷ್ಟು ಉಪ್ಪು ಸುರಿಯಬೇಕಾದರೆ, ಮೊದಲು ಉಪ್ಪು ಅಗ್ಗವಾಗಿರಬೇಕು.

ಉಪ್ಪು ಅಗ್ಗವಾಗಿದ್ದು ಇತಿಹಾಸದಲ್ಲಿ ತೀರಾ ಈಚೆಗೆ. ಪ್ರಷ್ಯಾದಲ್ಲಿ ಉಪ್ಪಿನ ಮಾರಾಟ 1868ರ ಆರಂಭದವರೆಗೂ ಸರ್ಕಾರದ ಏಕಸ್ವಾಮ್ಯ. 1850ರ ದಶಕದಲ್ಲಿ ಸ್ಟಾಸ್‌ಫುರ್ಟ್ ಎಂಬಲ್ಲಿ ನೆಲದೊಳಗಿನ ಕಲ್ಲುಪ್ಪಿನ ಗಣಿ ತೋಡಿದರು, ರೈಲು ಬಂತು, ಉಪ್ಪು ಊರೂರಿಗೆ ಹರಿಯಿತು. ಆದರೂ ಉಪ್ಪಿನ ಮೇಲಿನ ತೆರಿಗೆ ಹೋಗಲಿಲ್ಲ. ಅದು ಎಲ್ಲಿಯವರೆಗೆ ಇತ್ತು ಗೊತ್ತೇ? 1992ರ ಕೊನೆಯ ದಿನದವರೆಗೆ! ಬರ್ಲಿನ್ ಗೋಡೆ ಬಿದ್ದು ಮೂರು ವರ್ಷವಾದ ಮೇಲೆ, 1993ರ ಜನವರಿ 1ಕ್ಕೆ ಜರ್ಮನಿ ತನ್ನ ಉಪ್ಪಿನ ತೆರಿಗೆಯನ್ನು ಕೈಬಿಟ್ಟಿತು. ಅಷ್ಟು ಹೊತ್ತಿಗೆ ಅದೊಂದು ಲೆಕ್ಕಕ್ಕಿಲ್ಲದ ಚಿಲ್ಲರೆಯಾಗಿತ್ತು, ಬೇರೆ ಮಾತು.

ಹಿಟ್ಟಿನ ಕಥೆಯೂ ಹೀಗೇ. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ ಸಮುದ್ರ ದಾರಿಗೆ ತಡೆ ಹಾಕಿತು. ಬರ್ಲಿನ್‌ನಲ್ಲಿ 1915ರಿಂದಲೇ ಬ್ರೆಡ್ಡಿಗೆ ರೇಷನ್ ಕಾರ್ಡ್. ಬ್ರೆಡ್ಡಿನಲ್ಲಿ ಆಲೂಗಡ್ಡೆ ಹಿಟ್ಟು ಬೆರೆಸಿದರು. 1916-17ರ ಚಳಿಗಾಲಕ್ಕೆ ‘ಟರ್ನಿಪ್ ಚಳಿಗಾಲ’ ಎಂದೇ ಹೆಸರು, ದನಕ್ಕೆ ಹಾಕುವ ಗೆಡ್ಡೆಯನ್ನು ಜನ ತಿಂದು ಬದುಕಿದರು. ಅಂಥ ಮನೆಯಲ್ಲಿ ಮಗು ಹಿಟ್ಟಿನ ನಕ್ಷತ್ರ ಮಾಡ್ತೀನಿ ಅಂದರೆ ತಾಯಿ ಏನು ಮಾಡಿಯಾಳು? ಸಾಲ್ಟ್ಸ್‌ಟೈಗ್ ಜರ್ಮನಿಯ ಮನೆಮನೆಯ ಹವ್ಯಾಸವಾಗಿ ಮೆರೆದದ್ದು 1970-80ರ ದಶಕಗಳಲ್ಲಿ, ಹೊಟ್ಟೆ ತುಂಬಿದ ಕಾಲದಲ್ಲಿ.

ಹಾಗಾದರೆ ಮಕ್ಕಳು ಏನನ್ನಾದರೂ ನಾದಿ ಆಕಾರ ಕೊಡುವುದು ‘ಶಿಕ್ಷಣ’ ಅಂತ ಯಾರು ಹೇಳಿದ್ದು? ಅದಕ್ಕೂ ಜರ್ಮನಿಯೇ. ಫ್ರೀಡ್ರಿಶ್ ಫ್ರೋಬೆಲ್ ಎಂಬಾತ 1837ರಲ್ಲಿ ಬಾಡ್ ಬ್ಲಾಂಕೆನ್‌ಬುರ್ಗ್ ಎಂಬ ಸಣ್ಣ ಊರಲ್ಲಿ ಪುಟ್ಟ ಮಕ್ಕಳಿಗಾಗಿ ಒಂದು ಸಂಸ್ಥೆ ಶುರು ಮಾಡಿದ. 1840ರಲ್ಲಿ ಅದಕ್ಕೆ ‘ಕಿಂಡರ್‌ಗಾರ್ಟನ್’, ಅಂದರೆ ಮಕ್ಕಳ ತೋಟ, ಅಂತ ಹೆಸರಿಟ್ಟ. ಮರದ ಚೆಂಡು, ಘನಾಕೃತಿ, ಕಾಗದ ಮಡಚುವುದು, ಹೆಣೆಯುವುದು, ಮಣ್ಣಿನಲ್ಲಿ ರೂಪ ಮಾಡುವುದು, ಇವೆಲ್ಲ ಅವನ ಪಾಠ. 1851ರಲ್ಲಿ ಪ್ರಷ್ಯಾ ಸರ್ಕಾರಕ್ಕೆ ಇದರಲ್ಲೂ ಅಪಾಯ ಕಂಡು ಕಿಂಡರ್‌ಗಾರ್ಟನ್‌ಗಳನ್ನೇ ನಿಷೇಧಿಸಿತು! ಸುಮಾರು ಹತ್ತು ವರ್ಷದ ನಂತರ ನಿಷೇಧ ಹೋಯಿತು, ಆದರೆ ಫ್ರೋಬೆಲ್ ಅದನ್ನು ನೋಡಲಿಲ್ಲ, 1852ರಲ್ಲೇ ತೀರಿಕೊಂಡಿದ್ದ. ಇವತ್ತು ನಾವು ಸಾವಿರಾರು ರೂಪಾಯಿ ಫೀಸು ಕಟ್ಟಿ ಕಳಿಸುವ ಪ್ರತಿ ಪ್ಲೇಸ್ಕೂಲಿನ ಹಿಂದೆ ಈ ಮನುಷ್ಯ ನಿಂತಿದ್ದಾನೆ. ಆದರೆ ಅವನು ಮಕ್ಕಳ ಕೈಗೆ ಕೊಟ್ಟಿದ್ದು ಮಣ್ಣು, ಹಿಟ್ಟಲ್ಲ.

ಹಿಟ್ಟು ಮಕ್ಕಳ ಕೈಗೆ ದೊಡ್ಡ ಪ್ರಮಾಣದಲ್ಲಿ ಬಂದ ಕಥೆ ಅಮೆರಿಕದ್ದು. ಇದು ಯಾವ ಸ್ಟಾರ್ಟಪ್ ಕಥೆಗೂ ಕಡಿಮೆಯಿಲ್ಲ.

ಸಿನ್ಸಿನಾಟಿ ಊರಲ್ಲಿ ಕ್ಯೂಟಾಲ್ ಅಂತ ಒಂದು ಸಾಬೂನು ಕಂಪನಿ. ಆ ಕಾಲದಲ್ಲಿ ಅಮೆರಿಕದ ಮನೆಗಳನ್ನು ಬೆಚ್ಚಗಿಡಲು ಕಲ್ಲಿದ್ದಲು ಉರಿಸುತ್ತಿದ್ದರು. ಮಸಿ ಹೋಗಿ ಗೋಡೆಯ ವಾಲ್‌ಪೇಪರಿಗೆ ಕೂರುತ್ತಿತ್ತು. ಕಾಗದವಾದ್ದರಿಂದ ನೀರು ಹಾಕಿ ತೊಳೆಯುವಂತಿಲ್ಲ. 1933ರಲ್ಲಿ ಕ್ರೋಗರ್ ಎಂಬ ದಿನಸಿ ಅಂಗಡಿ ಸರಪಳಿಯವರು “ವಾಲ್‌ಪೇಪರ್ ಕ್ಲೀನರ್ ಮಾಡಿಕೊಡ್ತೀರಾ?” ಅಂತ ಕೇಳಿದಾಗ ಕ್ಯೂಟಾಲ್‌ನ ಕ್ಲಿಯೊ ಮೆಕ್‌ವಿಕರ್ ಹೂಂ ಅಂದುಬಿಟ್ಟ. ಹೇಗೆ ಮಾಡೋದು ಅನ್ನೋದು ಗೊತ್ತಿರಲಿಲ್ಲ. ನಮ್ಮ ಸೇಲ್ಸ್ ಟೀಮಿನವರು ಕ್ಲೈಂಟಿಗೆ ಇಲ್ಲದ ಫೀಚರನ್ನು ಒಪ್ಪಿಕೊಂಡು ಬರೋದಿಲ್ಲವೇ, ಹಾಗೆ. ಆಮೇಲೆ ಅವನ ಸೋದರ ನೋವಾ ಕೂತು ಗೋಧಿ ಹಿಟ್ಟು, ನೀರು, ಉಪ್ಪನ್ನು ಮೂಲವಾಗಿ ಇಟ್ಟುಕೊಂಡು ಒಂದು ಮೆತ್ತನೆ ಉಂಡೆ ಮಾಡಿದ. ಅದನ್ನು ಗೋಡೆಯ ಮೇಲೆ ಉರುಳಿಸಿದರೆ ಮಸಿ ಅಂಟಿಕೊಂಡು ಬರುತ್ತಿತ್ತು. ವ್ಯಾಪಾರ ಜೋರಾಯಿತು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಮನೆಗಳಿಗೆ ಗ್ಯಾಸು, ಎಣ್ಣೆಯ ಹೀಟರ್ ಬಂತು. ತೊಳೆಯಬಹುದಾದ ವಿನೈಲ್ ವಾಲ್‌ಪೇಪರ್ ಬಂತು. ಮಸಿಯೇ ಇಲ್ಲದ ಮೇಲೆ ಮಸಿ ಒರೆಸುವ ಉಂಡೆ ಯಾರಿಗೆ ಬೇಕು? 1949ರಲ್ಲಿ ಕ್ಲಿಯೊ ವಿಮಾನ ಅಪಘಾತದಲ್ಲಿ ಸತ್ತ. ಕಂಪನಿ ಅವನ ಮಗ ಜೋ ಮೆಕ್‌ವಿಕರ್‌ನ ತಲೆಗೆ ಬಂತು. ಅವನಿಗೆ ಇನ್ನೂ ಚಿಕ್ಕ ವಯಸ್ಸಿನಲ್ಲೇ ಕ್ಯಾನ್ಸರ್.

ಆಗ ಬಂದವಳು ಕೇ ಜುಫಾಲ್. ಮೆಕ್‌ವಿಕರ್‌ಗಳ ನೆಂಟಳು, ನ್ಯೂ ಜೆರ್ಸಿಯಲ್ಲಿ ನರ್ಸರಿ ಶಾಲೆಯ ಟೀಚರ್. ಎಳೆಯ ಮಕ್ಕಳ ಬೆರಳಿಗೆ ಆಗಿನ ಮಾಡೆಲಿಂಗ್ ಕ್ಲೇ ತೀರಾ ಗಟ್ಟಿ. ವಾಲ್‌ಪೇಪರ್ ಕ್ಲೀನರಿನಿಂದ ಕ್ರಿಸ್‌ಮಸ್ ಸಿಂಗಾರಗಳನ್ನು ಮಾಡಬಹುದು ಅಂತ ಅವಳು ಎಲ್ಲೋ ಓದಿದ್ದಳು. ಕ್ಯೂಟಾಲ್ ಡಬ್ಬಿ ತಂದು ಮಕ್ಕಳ ಮುಂದಿಟ್ಟಳು. ಮಕ್ಕಳು ಅದನ್ನು ಲಟ್ಟಿಸಿ, ಕತ್ತರಿಸಿ, ಒಣಗಿಸಿ ಮರಕ್ಕೆ ಕಟ್ಟಿದರು. ನನ್ನ ಮಗಳು ಆ ಶನಿವಾರ ಮಾಡಿದ್ದನ್ನೇ! ಕೇ ಹೋಗಿ ಜೋಗೆ ಹೇಳಿದಳು: ನಿನ್ನ ಮುಳುಗುತ್ತಿರುವ ಸಾಮಾನು ಒಂದು ಆಟಿಕೆ. ಅವನು ಅದಕ್ಕೆ ‘ರೇನ್‌ಬೋ ಮಾಡೆಲಿಂಗ್ ಕಾಂಪೌಂಡ್’ ಅಂತ ಒಣ ಹೆಸರಿಡಲು ಹೊರಟಿದ್ದ. ಅದು ಬೇಡ ಅಂತ ಕೇ ಮತ್ತು ಅವಳ ಗಂಡ ಸೇರಿ ಇಟ್ಟ ಹೆಸರು: ಪ್ಲೇ-ಡೋ. 1956ರಲ್ಲಿ ಅದು ಮಾರುಕಟ್ಟೆಗೆ ಬಂತು, ಮೊದಲಿಗೆ ಬರೀ ಬಿಳಿ ಬಣ್ಣದಲ್ಲಿ, ಆಮೇಲೆ ಕೆಂಪು, ಹಳದಿ, ನೀಲಿಯಲ್ಲಿ. 1965ರ ಜನವರಿಯಲ್ಲಿ ನೋವಾ ಮತ್ತು ಜೋ ಹೆಸರಿನಲ್ಲಿ ಪೇಟೆಂಟ್ ಸಿಕ್ಕಿತು. ಜೋ ಕ್ಯಾನ್ಸರಿನಿಂದ ಚೇತರಿಸಿಕೊಂಡು ಇನ್ನೂ ಬಹಳ ವರ್ಷ ಬದುಕಿದ.

ಇಷ್ಟು ಓದಿದಾಗ ನಾನು ಊಟದ ಟೇಬಲ್ಲಿನ ಹತ್ತಿರ ಕೂತು ಅವ್ವನಿಗೆ ಈ ಕಥೆ ಹೇಳಿದೆ. ಮಸಿ ಒರೆಸುವ ಹಿಟ್ಟು ಮಕ್ಕಳ ಆಟಿಕೆಯಾದದ್ದು ಕೇಳಿ ನಗುತ್ತಾಳೆ ಅಂದುಕೊಂಡಿದ್ದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ. “ಯಾವ ವರ್ಷ ಅಂದಿ?”

“ಐವತ್ತಾರು.”

“ನಾವು ಅವರ ಗೋಧಿ ತಿಂದೀವಿ,” ಅಂದಳು.

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಹುಡುಕಿದೆ. 1956ರ ಆಗಸ್ಟಿನಲ್ಲಿ ಭಾರತ ಅಮೆರಿಕದ ಜೊತೆ ಪಿಎಲ್-480 ಒಪ್ಪಂದಕ್ಕೆ ಸಹಿ ಹಾಕಿತು. ಅಮೆರಿಕದಲ್ಲಿ ಮಿಕ್ಕಿ ಗೋದಾಮಿನಲ್ಲಿ ರಾಶಿ ಬಿದ್ದಿದ್ದ ಗೋಧಿಯನ್ನು ರೂಪಾಯಿ ಕೊಟ್ಟು ತರಿಸಿಕೊಳ್ಳುವ ಒಪ್ಪಂದ. ಅಲ್ಲಿ ಮಿಕ್ಕ ಗೋಧಿ ಅದೇ ವರ್ಷ ಒಂದು ಕಡೆ ಮಕ್ಕಳ ಆಟಿಕೆಯ ಡಬ್ಬಿ ಸೇರುತ್ತಿತ್ತು, ಇನ್ನೊಂದು ಕಡೆ ಹಡಗು ಹತ್ತಿ ಇಲ್ಲಿಗೆ ಹೊರಡುತ್ತಿತ್ತು. 1965-66ರ ಎರಡು ಬರಗಾಲ ಬಿದ್ದಾಗ, 1966 ಒಂದೇ ವರ್ಷ ಸುಮಾರು 1 ಕೋಟಿ ಟನ್ ಧಾನ್ಯ ಹೊರಗಿನಿಂದ ಬಂತು. ಶಾಲೆಗಳಲ್ಲಿ ಕೇರ್ ಎಂಬ ಸಂಸ್ಥೆಯ ನೆರವಿನಲ್ಲಿ ಮಧ್ಯಾಹ್ನದ ಊಟ. ಗೋಧಿ ನುಚ್ಚಿನದು, ಹಾಲಿನ ಪುಡಿಯದು.

“ಸಾಲ್ಯಾಗ ಅದರ ಉಪ್ಪಿಟ್ಟು ಕೊಡ್ತಿದ್ರು. ನಾ ಅರ್ಧಾ ತಿಂದು ಅರ್ಧಾ ಪಾಟೀಚೀಲದಾಗ ಇಟಗೊಂಡು ತಮ್ಮಗ ತರ್ತಿದ್ದೆ,” ಅಂದಳು ಅವ್ವ. ಇಷ್ಟು ವರ್ಷದಲ್ಲಿ ಈ ವಿಷಯ ನನಗೆ ಹೇಳಿಯೇ ಇರಲಿಲ್ಲ. ಆಮೇಲೆ ಇನ್ನೊಂದು ಹೇಳಿದಳು. ಒಂದು ಸಂಜೆ ಅವಳ ಅವ್ವ ರೊಟ್ಟಿಗೆ ಹಿಟ್ಟು ನಾದುವಾಗ ಇವಳು ಒಂದು ಚಿವುಟು ಕದ್ದು ಗುಬ್ಬಿ ಮಾಡಿದಳಂತೆ. ಒಲೆಯ ಮುಂದೆ ಒಣಗಲು ಇಟ್ಟಿದ್ದು ಬೂದಿಗೆ ಬಿತ್ತು. ಅವ್ವ ಕೆನ್ನೆಗೆ ಒಂದು ಬಾರಿಸಿದಳು. ಆ ಬೂದಿಯ ಗುಬ್ಬಿಯನ್ನೇ ಜಾಡಿಸಿ, ಮತ್ತೆ ಹಿಟ್ಟಿನೊಳಗೆ ನಾದಿ ರೊಟ್ಟಿ ಬಡಿದಳು. “ಹೊಡದದ್ದಕ್ಕ ಆಕಿನ ಆಮ್ಯಾಲೆ ಅತ್ತಳು,” ಅಂದಳು.

ಶನಿವಾರ ಅವಳು ಬಾಗಿಲಿಂದ ಯಾಕೆ ಎದ್ದು ಹೋದಳು ಅಂತ ನನಗೆ ತಿಳಿಯಲು ಇಷ್ಟು ಸುತ್ತು ಬೇಕಾಯಿತು.

ಅದು ಹಿಟ್ಟಿನ ಮಾತಾಯಿತು. ಉಪ್ಪಿನದು ಇನ್ನೂ ಹಳೆಯ ಗಾಯ. ನಮ್ಮೂರು ಗದಗ ಜಿಲ್ಲೆಯ ರೋಣದ ಕಡೆ, ಸಮುದ್ರದಿಂದ ದೂರ. ಉಪ್ಪು ಚೆಲ್ಲಿದರೆ ಸತ್ತ ಮೇಲೆ ಅದನ್ನು ಕಣ್ಣರೆಪ್ಪೆಯಿಂದ ಆರಿಸಬೇಕಾಗುತ್ತೆ ಅಂತ ನಮ್ಮಜ್ಜಿ ಹೆದರಿಸುತ್ತಿದ್ದಳು. ಚಿಕ್ಕವನಿದ್ದಾಗ ಇದು ಮೂಢನಂಬಿಕೆ ಅನಿಸಿತ್ತು. ಈಗ ಅನಿಸುತ್ತೆ, ಇದು ತೆರಿಗೆ ಕಟ್ಟಿದವರ ಮಾತು.

ಬ್ರಿಟಿಷರ ಕಾಲದಲ್ಲಿ ಉಪ್ಪಿನ ಕಳ್ಳಸಾಗಣೆ ತಡೆಯಲು ಉತ್ತರ ಭಾರತದ ಉದ್ದಕ್ಕೂ ಒಂದು ಸುಂಕದ ಗೆರೆ ಹಾಕಿದ್ದರು. ಸಿಂಧೂ ನದಿಯ ಕಡೆಯಿಂದ ಒಡಿಶಾದ ಕಡೆಗೆ. 1869ರ ಹೊತ್ತಿಗೆ ಅದು ಸುಮಾರು 2,300 ಮೈಲಿ ಉದ್ದ, ಕಾವಲಿಗೆ ಸುಮಾರು 12 ಸಾವಿರ ಜನ. ಅದರ ಬಹುಭಾಗದಲ್ಲಿ ಜಾಲಿ, ಪಾಪಾಸುಕಳ್ಳಿಯಂಥ ಮುಳ್ಳುಗಿಡಗಳ ಬೇಲಿ ಬೆಳೆಸಿದ್ದರು. ಆ ಬೇಲಿಯನ್ನು ಶ್ರದ್ಧೆಯಿಂದ ಬೆಳೆಸಿದ ಅಧಿಕಾರಿಗಳಲ್ಲಿ ಒಬ್ಬ ಎ. ಓ. ಹ್ಯೂಮ್. ಮುಂದೆ ಕಾಂಗ್ರೆಸ್ ಸ್ಥಾಪನೆಗೆ ಕಾರಣನಾದವನೂ ಅವನೇ! 1879ರಲ್ಲಿ ಗೆರೆ ಹೋಯಿತು, ತೆರಿಗೆ ಉಳಿಯಿತು.

ನಮ್ಮ ಬಯಲುಸೀಮೆಯಲ್ಲಿ ಉಪ್ಪು ಬರುತ್ತಿದ್ದುದು ಸಮುದ್ರದಿಂದ ಮಾತ್ರ ಅಲ್ಲ. ಬಳ್ಳಾರಿ ಸೀಮೆಯಲ್ಲಿ ಉಪ್ಪಾರರು ಚವುಳು ಮಣ್ಣನ್ನು ನೀರಲ್ಲಿ ಕದಡಿ, ಸೋಸಿ, ಒಣಗಿಸಿ ಉಪ್ಪು ತೆಗೆಯುತ್ತಿದ್ದರು. ಅವರ ಜಾತಿಯ ಹೆಸರೇ ಅವರ ಕಸುಬು. 19ನೆಯ ಶತಮಾನದ ಕೊನೆಯ ಹೊತ್ತಿಗೆ ಸರ್ಕಾರ ತನ್ನ ಉಪ್ಪಿನ ಆದಾಯ ಕಾಪಾಡಲು ಈ ಮಣ್ಣುಪ್ಪನ್ನು ಅದುಮಿಹಾಕಿತು. ಕಾಲ ಕೆಳಗಿನ ಮಣ್ಣಿನಲ್ಲಿರುವ ಉಪ್ಪನ್ನು ತೆಗೆಯುವುದೇ ಅಪರಾಧ.

1923ರಲ್ಲಿ ತೆರಿಗೆಯನ್ನು ಒಂದು ಮಣಕ್ಕೆ ಎರಡೂವರೆ ರೂಪಾಯಿಗೆ ದ್ವಿಗುಣ ಮಾಡಿದರು, ಮರುವರ್ಷ ಮತ್ತೆ ಒಂದೂಕಾಲು ರೂಪಾಯಿಗೆ ಇಳಿಸಿದರು. ಮಣ ಅಂದರೆ ಸುಮಾರು 37 ಕಿಲೋ. ಕೇಳಲು ಕಡಿಮೆ ಅನಿಸಬಹುದು, ಆದರೆ ಉಪ್ಪಿಲ್ಲದೆ ಬಡವನೂ ಬದುಕಲ್ಲ, ಅವನ ಎತ್ತೂ ಬದುಕಲ್ಲ. ಬಿಸಿಲಲ್ಲಿ ದುಡಿದು ಬೆವರು ಸುರಿಸುವವನಿಗೆ ಎಸಿ ರೂಮಿನಲ್ಲಿ ಕೂತವನಿಗಿಂತ ಹೆಚ್ಚು ಉಪ್ಪು ಬೇಕು. ಅಂದರೆ ಹೆಚ್ಚು ದುಡಿದವನಿಗೆ ಹೆಚ್ಚು ತೆರಿಗೆ. ಗಾಂಧೀಜಿ 1930ರ ಏಪ್ರಿಲ್ 6ರಂದು ದಂಡಿಯಲ್ಲಿ ಉಪ್ಪು ಎತ್ತಿದ್ದು ಇದಕ್ಕೇ. ಅದೇ ತಿಂಗಳು ನಮ್ಮ ಅಂಕೋಲೆಯಲ್ಲಿ ಜನ ಸಮುದ್ರದ ನೀರು ತಂದು ಉಪ್ಪು ಮಾಡಿ ಕಾನೂನು ಮುರಿದರು. ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಆಗರಗಳಲ್ಲಿ ಇವತ್ತಿಗೂ ಉಪ್ಪು ಬೆಳೆಯುತ್ತಾರೆ. ಆ ಕಡೆ ಟ್ರೆಕಿಂಗ್ ಹೋದಾಗ ದಾರಿಯಲ್ಲಿ ಬಿಳಿ ಗುಡ್ಡೆಗಳನ್ನು ನೋಡಿ ಫೋಟೋ ತೆಗೆದುಕೊಂಡಿರುತ್ತೀರಿ. ಉಪ್ಪಿನ ತೆರಿಗೆ ಕೊನೆಗೂ ಹೋದದ್ದು 1947ರಲ್ಲಿ.

ಈಗ ನಮ್ಮ ರೆಸಿಪಿಗೆ ವಾಪಸ್ಸು ಬನ್ನಿ. “ಒಂದು ಕಪ್ ಉಪ್ಪು.” ಅದನ್ನು ಯೋಚಿಸದೆ ಸುರಿಯಲು ಎಷ್ಟು ಗಣಿ, ಎಷ್ಟು ರೈಲು, ಎಷ್ಟು ಸತ್ಯಾಗ್ರಹ ಬೇಕಾಯಿತು ನೋಡಿ.

ಹಾಗಂತ ನಮ್ಮಲ್ಲಿ ಮಕ್ಕಳು ಗೊಂಬೆ ಮಾಡುತ್ತಿರಲಿಲ್ಲವೇ? ವರ್ಷಪೂರ್ತಿ ಮಾಡುತ್ತಿದ್ದೆವು! ಕಾರಹುಣ್ಣಿಮೆ ಕಳೆದು ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಕೆರೆಯ ಎರೆಮಣ್ಣು ತಂದು ಜೋಡೆತ್ತು ಮಾಡುವುದು, ಕುಸುಬಿ ಕಾಳು ಕಣ್ಣಿಗೆ, ಜೋಳದ ದಂಟಿನ ನೊಗ. ಆಷಾಢದ ಮಂಗಳವಾರ ಗುಳ್ಳವ್ವ, ಶ್ರಾವಣದಲ್ಲಿ ನಾಗಪ್ಪ, ಭಾದ್ರಪದದಲ್ಲಿ ಗಣಪ, ಅವನ ಬೆನ್ನಿಗೇ ಜೋಕುಮಾರ. ಎಲ್ಲ ಮಣ್ಣು. ದೀಪಾವಳಿಗೆ ಸಗಣಿಯ ಪಾಂಡವರು. ಗೌರಿ ಹುಣ್ಣಿಮೆಗೆ ಅಚ್ಚಿಗೆ ಹೊಯ್ದ ಸಕ್ಕರೆ ಗೊಂಬೆಯ ಆರತಿ. ಹಿಟ್ಟಿನದೂ ಇತ್ತು, ಆರತಿಯ ಹಿಟ್ಟಿನ ಹಣತೆ, ಆದರೆ ದೀಪ ಆರಿದ ಮೇಲೆ ಅದನ್ನು ತಿನ್ನುತ್ತಿದ್ದೆವು, ಬತ್ತಿಯ ಸುತ್ತ ಸುಟ್ಟ ಭಾಗಕ್ಕೆ ಜಗಳ ಆಡುತ್ತಿದ್ದೆವು.

ಈ ಪಟ್ಟಿ ಬರೆದು ನೋಡಿದಾಗ ಒಂದು ಪ್ಯಾಟರ್ನ್ ಕಂಡಿತು. ಮಣ್ಣಿನದು ಬಾವಿಗೋ ಕೆರೆಗೋ ಹೊಲಕ್ಕೋ ಹೋಗುತ್ತೆ. ಸಗಣಿಯದು ತಿಪ್ಪೆಗೆ, ಅಲ್ಲಿಂದ ಹೊಲಕ್ಕೆ. ಸಕ್ಕರೆಯದು, ಹಿಟ್ಟಿನದು ಹೊಟ್ಟೆಗೆ. ಯಾವುದನ್ನೂ ಇಟ್ಟುಕೊಳ್ಳಲು ಮಾಡುವುದಿಲ್ಲ. ಸಾಲ್ಟ್ ಡೋ ಇದಕ್ಕೆ ಪೂರ್ತಿ ಉಲ್ಟಾ. ಅದು ಹೊಟ್ಟೆಗೂ ಸಲ್ಲದು, ಹೊಲಕ್ಕೂ ಸಲ್ಲದು, ಅಷ್ಟು ಉಪ್ಪು ಬಿದ್ದರೆ ಗಿಡ ಒಣಗುತ್ತೆ. ಅಂದಹಾಗೆ ಇದು ಗೊತ್ತಿರಲಿ: ಎಳೆಯ ಮಕ್ಕಳು ಇದನ್ನು ತಿನ್ನದಂತೆ ನೋಡಿಕೊಳ್ಳಬೇಕು, ನಾಯಿ ಸಾಕಿದವರಂತೂ ಎಟುಕದ ಜಾಗದಲ್ಲಿಡಬೇಕು. ಅಷ್ಟು ಉಪ್ಪು ಒಮ್ಮೆಲೇ ಒಳಗೆ ಹೋದರೆ ಜೀವಕ್ಕೇ ಅಪಾಯ. ಇದನ್ನು ಮಾಡುವುದೇ ಇಟ್ಟುಕೊಳ್ಳಲಿಕ್ಕೆ. ಉಪ್ಪು ಹಿಟ್ಟಿನೊಳಗಿನ ನೀರನ್ನು ಹಿಡಿದಿಟ್ಟು ಬೂಷ್ಟು, ಬ್ಯಾಕ್ಟೀರಿಯಾಗಳಿಗೆ ಸಿಗದಂತೆ ಮಾಡುತ್ತೆ. ಹಿಂದೆ ಒಂದು ದಿನಾಂಕ ಬರೆದು, ಮಗು ಇಷ್ಟು ಚಿಕ್ಕದಿತ್ತು ಅಂತ ಹತ್ತು ವರ್ಷದ ನಂತರ ನೋಡಿಕೊಳ್ಳಲಿಕ್ಕೆ.

ಹಳ್ಳಿಯಲ್ಲಿ ಮಕ್ಕಳು ಕಣ್ಣೆದುರೇ ಬೆಳೆಯುತ್ತಾರೆ, ಅಚ್ಚು ಯಾಕೆ? ನಮಗೆ ಬೇಕು. ಬೆಳಿಗ್ಗೆ ಒಂಬತ್ತಕ್ಕೆ ಕಾಲ್, ರಾತ್ರಿ ಒಂಬತ್ತಕ್ಕೆ ಇನ್ನೊಂದು ಕಾಲ್, ನಡುವೆ ಮಗಳು ಯಾವಾಗ ಒಂದು ಇಂಚು ಬೆಳೆದಳು ಅಂತ ಗೊತ್ತೇ ಆಗಲ್ಲ. ಇದು ನನ್ನ ಸಮಜಾಯಿಷಿಯೂ ಇರಬಹುದು.

ಆ ಶನಿವಾರ ಸಂಜೆ ನಡೆದದ್ದನ್ನು ಹೇಳಲಿಲ್ಲ. ಓವನ್‌ನಿಂದ ತೆಗೆದಾಗ ನಕ್ಷತ್ರ ಬಿರುಕು ಬಿಟ್ಟಿತ್ತು. ಗಿಡ ಉಬ್ಬಿ ಬದನೆಕಾಯಿ ಆಗಿತ್ತು. ನಾನು ಉರಿ ಜಾಸ್ತಿ ಮಾಡಿದ್ದರ ಫಲ. ಅಂಗೈ ಅಚ್ಚು ಮಾತ್ರ ಚೆನ್ನಾಗಿ ಬಂದಿತ್ತು, ಐದು ಬೆರಳೂ ಸ್ಪಷ್ಟ. ಅಂಗೈಯನ್ನು ಎರಡು ಮಾಡಿದ್ದೆವು, ಒಂದು ಒಡೆದರೆ ಇನ್ನೊಂದಿರಲಿ ಅಂತ. ಬ್ಯಾಕಪ್ ಇಲ್ಲದೆ ನಾನು ಏನೂ ಮಾಡಲ್ಲ. ಮಗಳು ಆ ಎರಡನೆಯದನ್ನು ಎತ್ತಿಕೊಂಡು ಹೋಗಿ ಅಜ್ಜಿಯ ತೊಡೆ ಮೇಲೆ ಇಟ್ಟಳು.

ಅವ್ವ ಕನ್ನಡಕ ಹಾಕಿಕೊಂಡು ನೋಡಿದಳು. ಒಂದೊಂದೇ ಬೆರಳಿನ ಕುಳಿಯಲ್ಲಿ ತನ್ನ ಬೆರಳಿಟ್ಟು ನೋಡಿದಳು. “ಇದು ಕೆಡೂದಿಲ್ಲೇನು?”

“ಉಪ್ಪು ಹಾಕೇದಲ್ಲವ್ವಾ, ಕೆಡೂದಿಲ್ಲ.”

“ಉಪ್ಪಿನಕಾಯಿ ಇದ್ದಂಗ,” ಅಂದಳು. ಉಪ್ಪು ಯಾಕೆ ಅಂತ ಬೆಳಿಗ್ಗೆಯಿಂದ ಅವಳನ್ನು ಕಾಡುತ್ತಿದ್ದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಉಪ್ಪಿನಕಾಯಿಗೆ ಸುರಿದ ಉಪ್ಪು ದಂಡವಲ್ಲ. ಊರಿಗೆ ಹೊರಡುವ ದಿನ ಅದನ್ನು ಸೀರೆಯ ಮಡಿಕೆಯಲ್ಲಿ ಸುತ್ತಿ ಬ್ಯಾಗಿನ ನಡುವೆ ಇಟ್ಟುಕೊಂಡಳು.

ಈ ವರ್ಷ ಮಣ್ಣೆತ್ತಿನ ಅಮಾವಾಸ್ಯೆಗೆ ರಜೆ ಹಾಕಿ ಮಗಳನ್ನು ಕರೆದುಕೊಂಡು ಊರಿಗೆ ಹೋದೆ. ಎರಡು ದಿನದ ಮುಂಚೆಯಷ್ಟೇ ಮಳೆ ಹಿಡಿದಿತ್ತು. ಅವ್ವ ಎರೆಮಣ್ಣು ನಾದಿ ಕಟ್ಟೆಯ ಮೇಲೆ ಇಟ್ಟಿದ್ದಳು. ಮಗಳು ಕೇಳಿದಳು, “ಅಜ್ಜಿ, ಸಾಲ್ಟ್ ಎಲ್ಲಿ?” ಇದಕ್ಕೆ ಉಪ್ಪು ಬೇಡ ಅಂದರೆ ಅವಳಿಗೆ ನಂಬಿಕೆ ಬರಲಿಲ್ಲ. ಓವನ್ ಕೂಡ ಬೇಡ ಅಂದಾಗ ಇವರಿಗೆ ಏನೂ ಗೊತ್ತಿಲ್ಲ ಅನ್ನುವ ಹಾಗೆ ನನ್ನನ್ನು ನೋಡಿದಳು. ಸಂಜೆ ಎತ್ತುಗಳನ್ನು ಬಾವಿಗೆ ಬಿಡಲು ಹೊರಟಾಗ ಮಾತ್ರ ದೊಡ್ಡ ರಂಪ. ತನ್ನ ಎತ್ತನ್ನು ನೀರಿಗೆ ಹಾಕಲು ಅವಳು ಸುತಾರಾಂ ಒಪ್ಪಲಿಲ್ಲ. ಕೊನೆಗೆ ಅವ್ವನೇ, “ಇರಲಿ ಬಿಡೋ, ಒಂದು ಇಟಗೊಳ್ಳಲಿ,” ಅಂದಳು. ಪದ್ಧತಿಯ ವಿಷಯದಲ್ಲಿ ನಮ್ಮವ್ವ ಸಡಿಲ ಬಿಟ್ಟಿದ್ದನ್ನು ನಾನು ಮೊದಲ ಸಲ ನೋಡಿದ್ದು.

ರಾತ್ರಿ ನಾನು ಅಂಗೈ ಅಚ್ಚನ್ನು ಹುಡುಕಿದೆ. ಗೋಡೆಯ ಮೇಲೆ ಇರಲಿಲ್ಲ, ದೇವರ ಜಗಲಿಯಲ್ಲೂ ಇರಲಿಲ್ಲ. ಗಾಳಿಯಲ್ಲಿ ತೇವ ಮುಕ್ಕಾಲು ಪಾಲು ದಾಟಿದರೆ ಉಪ್ಪು ನೀರು ಹೀರಿ ಕರಗತೊಡಗುತ್ತೆ. ಮಳೆ ಹಿಡಿದ ಮೇಲೆ ಮೆತ್ತಗಾಗಿ ಹೋಗಿರಬೇಕು, ನನಗೆ ಬೇಜಾರಾಗುತ್ತೆ ಅಂತ ಅವ್ವ ಹೇಳಿಲ್ಲ ಅಂದುಕೊಂಡೆ.

“ಅದು ಎಲ್ಲೈತಿ?” ಅಂತ ಕೇಳಿಯೇಬಿಟ್ಟೆ.

ಅವ್ವ ಒಳಕೋಣೆಗೆ ಹೋಗಿ ಜೋಳದ ಡಬ್ಬಿಯ ಮುಚ್ಚಳ ತೆಗೆದಳು. ಮೊಣಕೈವರೆಗೆ ಕೈ ಇಳಿಸಿ ತಡಕಾಡಿ ಅದನ್ನು ತೆಗೆದಳು. “ಮಳಿ ಬರೂದಕ್ಕ ಬೆವರಾಕ ಹತ್ತಿತ್ತು. ಕಾಳಿನಾಗ ಹುಗದೆ, ಒಣಗಿತು,” ಅಂದಳು. ಒಂದು ಬೆರಳಿನ ತುದಿ ಸವೆದಿತ್ತು. ಉಳಿದ ಕುಳಿಗಳಲ್ಲಿ ಎರಡು ಮೂರು ಜೋಳದ ಕಾಳು ಅಂಟಿಕೊಂಡಿದ್ದವು. ಅವನ್ನು ಉಗುರಿನಿಂದ ಬಿಡಿಸಿ ಮತ್ತೆ ಡಬ್ಬಿಗೇ ಹಾಕಿದಳು.